ಆಂಟಿಯ ಗೋಡೆಯ ಮೇಲಿನ ತಾತ

ಮೊನ್ನೆ ಬೆಳಿಗ್ಗೆ ನ್ಯೂಯಾರ್ಕಿನ ಹತ್ತಿರದ ಸೀಕಾಕಸ್ ಸ್ಟೇಷನ್ನಿನಲ್ಲಿ ಟ್ರೇನು ಬದಲಿಸುವ ಗಡಿಬಿಡಿಯಲ್ಲಿದ್ದವನು, ಗೋಡೆಯ ಪೋಸ್ಟರೊಂದನ್ನು ಕಂಡು ಕೈಮುಗಿದುಬಿಟ್ಟೆ. ಹಿಂದಿನಿಂದ ಬಂದವನೊಬ್ಬ ಡಿಕ್ಕಿ ಹೊಡೆದು, ಕಾಫಿ ಚೆಲ್ಲಿಕೊಂಡು, ಕೇಳಬಾರದ್ದನ್ನೆಲ್ಲ ಅಂದ. ಪೋಸ್ಟರಿನಲ್ಲಿ ಇದ್ದದ್ದು ದೇವರಲ್ಲ. ಹೊಸ ನಾಟಕದೊಂದಿಗೆ ನ್ಯೂಯಾರ್ಕಿಗೆ ಬರುತ್ತಿರುವ ಇಂಗ್ಲೆಂಡಿನ ಪ್ರಖ್ಯಾತ ನಟ. ನನ್ನ ಪಾಲಿಗೆ ಮಾತ್ರ ಆತ ನಾಗರತ್ನ ಆಂಟಿಯ ತಾತ. ನಗಬೇಡಿ, ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಅಲ್ಲೇ ಹತ್ತಿರದ ಪಾರ್ಸಿಪನಿ ಊರಿನಲ್ಲಿ ನಾನು ಆಂಟಿಯ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಮೈಸೂರಿನ ಕಾಲೇಜು ದಿನಗಳಿಂದಲೂ ಅವರಿಗೆ ಆ ನಟನ ಹುಚ್ಚು. ಹಾಲಿನ ಗೋಡೆಯ ಮೇಲೆ ಅವನ ಮೂರು ಕಪ್ಪುಬಿಳುಪು ಚಿತ್ರಗಳು: ಕತ್ತಿ ಹಿಡಿದ ರಾಜಕುಮಾರ, ಮೀಸೆಯ ಸೇನಾಧಿಕಾರಿ, ಬಿಳಿಗಡ್ಡದ ಮುದಿ ರಾಜ. ಅಂಕಲ್‌ರ ಚಿತ್ರ ಫ್ರಿಜ್ಜಿನ ಬಾಗಿಲ ಮೇಲಿತ್ತು, ಮ್ಯಾಗ್ನೆಟ್ಟಿನ ಕೆಳಗೆ.

ಒಂದು ಬೇಸಿಗೆಯಲ್ಲಿ ಆಂಟಿಯ ಅತ್ತೆ ಮೈಸೂರಿನಿಂದ ಬಂದಿಳಿದರು. ಚಪ್ಪಲಿ ಬಿಡುವ ಮೊದಲೇ “ಇವರು ಯಾರೇ?” ಅಂದರು. ಪರಗಂಡಸಿನ ಮೂರು ಮೂರು ಫೋಟೋ ಹಾಲಿನಲ್ಲೇಕೆ ಎಂದು ಯಾವ ಸೊಸೆ ವಿವರಿಸಿಯಾಳು? ಆಂಟಿ ತಡವರಿಸಿ, “ನಮ್ಮ ತಾತ, ಅತ್ತೆ. ಕಂಪನಿ ನಾಟಕದಲ್ಲಿದ್ರು, ಈಗಿಲ್ಲ” ಅಂದರು.

ಹೋದ ಹಿರಿಯರು ಅಂದಮೇಲೆ ಮುಗಿಯಿತು. ಮಾರನೆಯ ದಿನದಿಂದ ಮುದಿ ರಾಜನ ಹಣೆಗೆ ಗಂಧ, ಚೌಕಟ್ಟಿಗೆ ಚೆಂಡುಹೂವು, ಮುಂದೆ ಊದಿನಕಡ್ಡಿ. ಬಂದವರೆಲ್ಲ ಕೈಮುಗಿದರು. ನಿಜ ಗೊತ್ತಿದ್ದ ನಾನೂ ನನ್ನ ವೀಸಾ ತಡವಾದಾಗ ಹರಕೆ ಹೊತ್ತೆ, ವೀಸಾ ಬಂತು. ಆಂಟಿ ಮಾತ್ರ, ಸುಳ್ಳು ಹೊರಬಿದ್ದರೆ ಅತ್ತೆಯ ಮುಂದೆ ಮಾನ ಹೋಗುತ್ತದೆಂದು ದಿನವೂ ಬೆವರುತ್ತಿದ್ದರು.

ಅಷ್ಟರಲ್ಲಿ, ಅಮ್ಮ ಹೂವಿಡುವುದು ಯಾರಿಗೆ, ಏಕೆ ಎಂದು ಎಂದೂ ಕೇಳದ ಅಂಕಲ್, ಹೆಂಡತಿಗೆ ಖುಷಿಯಾಗಲೆಂದು, ನ್ಯೂಯಾರ್ಕಿಗೆ ಬಂದಿದ್ದ ಅದೇ ನಟನ ನಾಟಕಕ್ಕೆ ಎಲ್ಲರಿಗೂ ಟಿಕೆಟ್ ತಂದುಬಿಟ್ಟರು. ನನ್ನನ್ನೂ ಎಳೆದುಕೊಂಡು ಹೋದರು. ಪರದೆ ಎದ್ದಿತು. ಬಿಳಿಗಡ್ಡ, ಕಿರೀಟ, ಸಾಕ್ಷಾತ್ ತಾತ! ಆಂಟಿ ಕಣ್ಣು ಮುಚ್ಚಿಕೊಂಡರು. ಅತ್ತೆ ಕನ್ನಡಕ ಒರೆಸಿಕೊಂಡು ನೋಡಿದರು, ಮತ್ತೆ ಒರೆಸಿಕೊಂಡು ನೋಡಿದರು.

ವಿರಾಮದಲ್ಲಿ ಸೊಸೆಯ ತಣ್ಣಗಾದ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, “ನಿಮ್ಮ ತಾತ ಚೆನ್ನಾಗಿ ಆಡ್ತಾರೆ ಕಣೇ. ಹೋದಮೇಲೂ ಕೆಲಸ ಬಿಟ್ಟಿಲ್ಲ ನೋಡು” ಅಂದರು.

ಅಷ್ಟೇ. ಮರುದಿನ ಎಂದಿನಂತೆ ಹೂವಿಟ್ಟರು.

ಆ ಅತ್ತೆ ಹೋದ ವರ್ಷ ತೀರಿಕೊಂಡರು. ಪೋಸ್ಟರ್ ಕಂಡ ಸಂಜೆ ಆಂಟಿಗೆ ಫೋನ್ ಮಾಡಿ, “ತಾತ ಮತ್ತೆ ಬರ್ತಿದಾರೆ, ಟಿಕೆಟ್ ಬುಕ್ ಮಾಡ್ಲಾ?” ಅಂದೆ.

ಆಂಟಿ ನಕ್ಕರು. ಆಮೇಲೆ ಮೆಲ್ಲಗೆ ಅಂದರು: “ಬೇಡ ಕಣೋ. ಪಕ್ಕದಲ್ಲಿ ಕೂತು ನನ್ನ ಮಾನ ಕಾಯೋರು ಈಗ ಯಾರಿದಾರೆ?”

ಈ ಕತೆ ಹೇಳಿ ಎಷ್ಟು ಪಾರ್ಟಿಗಳಲ್ಲಿ ಜನರನ್ನು ನಗಿಸಿದ್ದೇನೋ. ಅವತ್ತು ಫೋನಿಟ್ಟು ಅತ್ತುಬಿಟ್ಟೆ.