ಅರಳಿ ಗಿಡಕ್ಕೆ ಅಪ್ಪ ಹೇಳಿದ ಶಾಸ್ತ್ರ

ಅಪ್ಪ ಜೇವರ್ಗಿ, ಅಫಜಲಪುರ ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ನಾವು ಆಳಂದದ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದೆವು. ನನಗೆ ಊರಿನ ಕಾಲೇಜಿನಲ್ಲೇ ಕೆಲಸವಿತ್ತು. ಬಡಾವಣೆ ಎಂದರೆ ತೊಗರಿ ಹೊಲಕ್ಕೆ ಕಲ್ಲು ನೆಟ್ಟು ಗೆರೆ ಎಳೆದದ್ದು, ಅಷ್ಟೇ. ನೆರಳು ಅಂತ ಏನಾದರೂ ಇದ್ದರೆ ಅದು ಕರೆಂಟಿನ ಕಂಬದ್ದು.

ನಾವು ಬೌದ್ಧರು. ಬೌದ್ಧರಾಗುವುದಕ್ಕೆ ಮೊದಲು ಏನಾಗಿದ್ದೆವು ಎಂಬುದು ನಾವು ಸಾಮಾನು ಇಳಿಸುವ ಮೊದಲೇ ಬಡಾವಣೆಗೆಲ್ಲ ಗೊತ್ತಾಗಿತ್ತು. ಮನೆ ತುಂಬುವ ದಿನ ವಂದನೆ ಹೇಳಲು ಬಂದಿದ್ದ ಬೌದ್ಧ ಭಿಕ್ಷು, ನಮ್ಮ ಭಂತೇಜಿ, ಒಂದು ಅರಳಿ ಸಸಿ ತಂದುಕೊಟ್ಟರು. ಬುದ್ಧನಿಗೆ ಅರಿವು ಮೂಡಿದ್ದು ಅದರ ಕೆಳಗೇ ಅಲ್ಲವೇ. ಬೇರು ಗೋಡೆ ಒಡೆದೀತೆಂದು ಅಪ್ಪ ಅದನ್ನು ಕಾಂಪೌಂಡಿನ ಹೊರಗೆ, ರಸ್ತೆಯ ಬದಿಗೆ ಹಚ್ಚಿದರು.

ಎದುರು ಮನೆಯ ಅಕ್ಕ ಬಹಳ ಮರ್ಯಾದಸ್ಥೆ. ಸಂಜೆಗೆ ಬಂದು, ಗೇಟಿನ ಆಚೆಯೇ ನಿಂತು, ಮನಿ ಮುಂದೆ ಅರಳಿ ಇದ್ದರೆ ಮನೆಗೆ ಒಳ್ಳೆಯದಲ್ಲವಂತೆ ಎಂದು ತಿಳಿಸಿದರು. ಅಪ್ಪ ಆಕೆಗೆ ಎಲೆ, ಬಿಸಿಲು, ಗಾಳಿ ಎಂದು ಒಂದು ಪಿರಿಯಡ್ಡಿನಷ್ಟು ಪಾಠ ಹೇಳಿದರು. ಆಕೆ ಎಲ್ಲಕ್ಕೂ ಹೌದ್ರಿ ಸರ್ ಎಂದರು. ಅವ್ವ ಚಹಾಕ್ಕೆ ಕರೆದಾಗ ಇವತ್ತು ಉಪವಾಸ ಎಂದರು. ಮುಂದೆ ಎಷ್ಟು ಸಲ ಕರೆದರೂ ಆಕೆಗೆ ಅವತ್ತು ಉಪವಾಸವೇ ಇರುತ್ತಿತ್ತು. ಅಷ್ಟೊಂದು ಉಪವಾಸ ಮಾಡಿಯೂ ಮೈ ತುಂಬಿಕೊಂಡೇ ಇದ್ದಾರಲ್ಲ ಎಂದು ಅವ್ವ ನನ್ನ ಬಳಿ ಬೆರಗುಪಡುತ್ತಿದ್ದಳು.

ಮೊದಲ ಬೇಸಿಗೆ ಸಸಿಗೂ ನಮಗೂ ಒಟ್ಟಿಗೇ ಪರೀಕ್ಷೆ ಇಟ್ಟಿತು. ನಳದ ನೀರು ಬಂದ ದಿನ ಬಂತು, ಇಲ್ಲವಾದರೆ ಮುಂದಿನ ವಾರ. ಕರಿ ನೆಲ ಮುಷ್ಟಿ ಹೋಗುವಷ್ಟು ಬಿರಿದು, ಹಾಕಿದ ನೀರು ಬೇರಿಗೆ ಸಿಗದೆ ಬಿರುಕಿನಲ್ಲೇ ಇಳಿದುಹೋಗುತ್ತಿತ್ತು. ಅಪ್ಪ ಬಿರುಕಿಗೆಲ್ಲ ಮಣ್ಣು ತುಂಬಿ, ತಳಕ್ಕೆ ತೂತು ಮಾಡಿ ಬಟ್ಟೆಯ ಬತ್ತಿ ಇಟ್ಟ ಮಡಕೆಯೊಂದನ್ನು ಸಸಿಯ ಮಗ್ಗುಲಿಗೆ ಹೂತರು. ಮೇಲೆ ತೊಗರಿ ಹೊಟ್ಟು ಹರವಿದರು. ಆಡುಗಳು ಬಾಯಿ ಹಾಕದಂತೆ ಸುತ್ತ ಜಾಲಿ ಮುಳ್ಳು ಕಟ್ಟಿದರು. ಮಡಕೆ ತುಂಬಲು ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಸಾಲದೆ, ನಾವೆಲ್ಲ ಅಗಲ ತಟ್ಟೆಯಂಥ ಪರಾತದಲ್ಲಿ ಕೂತು ಸಾಬೂನಿಲ್ಲದೆ ಜಳಕ ಮಾಡಬೇಕು, ಆ ನೀರು ಗಿಡಕ್ಕೆ ಹೋಗಬೇಕು ಎಂದು ಹುಕುಂ ಹೊರಡಿಸಿದರು.

ಅವ್ವನ ತವರು ನೀರಿಗೆ ಬರವಿಲ್ಲದ ಕರಜಗಿ. "ನಮ್ಮ ಊರಾಗ ಕಬ್ಬಿಗಿ ಮೋಟಾರ ಹಚ್ಚಿ ನೀರ ಬಿಡೋದು ಕಂಡೇನಿ. ಹೆಂಡ್ತಿ ಸಾಬೂನ ಬಿಡಿಸಿ ಗಿಡ ಬೆಳಸೋರನ್ನ ಇಲ್ಲೇ ಕಂಡೆ" ಎಂದಳು. ಎಂದಳೇ ಹೊರತು ಪರಾತ ಎತ್ತಿ ಸುರಿಯುತ್ತಿದ್ದವಳೂ ಅವಳೇ.

ಗಿಡ ಉಳಿಯಿತು. ಕಾಂಪೌಂಡು ದಾಟಿ ಮಾಳಿಗೆಯ ಎತ್ತರಕ್ಕೆ ಬಂತು. ಗಾಳಿ ಬಂದಾಗಲೆಲ್ಲ ಎಲೆಗಳು ಸಪ್ಪಳ ಮಾಡುವುದನ್ನು ಕೇಳುತ್ತ ಅಪ್ಪ ಕುರ್ಚಿ ಹಾಕಿಕೊಂಡು ಕೂಡುವರು. ಹಾಗಿರುವಾಗ ಒಂದು ಶನಿವಾರ ಬೆಳಿಗ್ಗೆ ನಾನು ಗೇಟು ತೆಗೆದರೆ, ಎದುರು ಮನೆಯ ಅಕ್ಕ ತಂಬಿಗೆ ಹಿಡಿದು ಗಿಡ ಸುತ್ತುತ್ತಿದ್ದರು. ಬೊಡ್ಡೆಗೆ ಕುಂಕುಮ, ಅರಿಶಿಣದ ದಾರ, ಬುಡಕ್ಕೆ ಹಾಲು. ಮುಂದಿನ ಶನಿವಾರ ಅವರ ಜೊತೆ ಇನ್ನೂ ಕೆಲವರು ಬಂದರು. ನಮ್ಮ ಬೋಧಿವೃಕ್ಷ ಯಾರನ್ನೂ ಕೇಳದೆ ಅಶ್ವತ್ಥವಾಗಿತ್ತು.

ಅಪ್ಪ ಜಗಳ ತೆಗೆಯುತ್ತಾರೆಂದು ನಾನು ಹೆದರಿದೆ. ಊರೂರಿನಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿಕೊಂಡು ಬಂದವರು. ಆದರೆ ಅವರ ತಕರಾರು ಪೂಜೆಯ ಮೇಲಿರಲಿಲ್ಲ, ನೀರು ಬೀಳುವ ಜಾಗದ ಮೇಲಿತ್ತು. ಬುಡಕ್ಕೇ ಸುರಿದರೆ ತೊಗಟೆ ಕೊಳೆಯುತ್ತದೆ, ಹಾಲಿಗೆ ಇರುವೆ ಮುತ್ತುತ್ತವೆ, ನೀರು ಕುಡಿಯುವ ಎಳೆ ಬೇರುಗಳು ದೂರ, ಟೊಂಗೆಯ ತುದಿಯ ಕೆಳಗೆ ಇರುತ್ತವೆ ಎಂದು ನೆಲದ ಮೇಲೆ ಕಡ್ಡಿಯಿಂದ ಚಿತ್ರ ಬರೆದು ಹೆಣ್ಣುಮಕ್ಕಳಿಗೆ ವಿವರಿಸಿದರು. ಎಲ್ಲರೂ ಹೌದ್ರಿ ಸರ್ ಎಂದರು. ಮರುವಾರ ಮತ್ತೆ ಬುಡಕ್ಕೇ ಹಾಕಿದರು.

ಆಗ ಅಪ್ಪ ಟೊಂಗೆಯ ಅಳತೆಗೆ ಗಿಡದ ಸುತ್ತ ಒಂದು ಸಣ್ಣ ಕಾಲುವೆ ತೋಡಿದರು. ಶನಿವಾರ ಅಲ್ಲಿಯೇ ಕಾದು ನಿಂತು, ಕ್ಲಾಸಿನ ದನಿಯಲ್ಲಿ ಹೇಳಿದರು: "ಬುಡಕ್ಕ ಹಾಕಿದ್ರ ಫಲ ಬುಡದಾಗೇ ಉಳೀತದ್ರಿ. ಇದರಾಗ ಹಾಕ್ಕೊಂತ ಸುತ್ತು ಹೋದ್ರ ಮನಿ ಮಂದಿಗೆಲ್ಲ ಮುಟ್ಟತದ. ಹಾಲು ನಡೆಯಂಗಿಲ್ಲ, ಬರೀ ನೀರು. ಶಾಸ್ತ್ರದಾಗ ಹಂಗೇ ಅದ."

ನಾನು ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದೆ. ಒಳಗೆ ಬಂದ ಅಪ್ಪನನ್ನು ಯಾವ ಶಾಸ್ತ್ರ ಎಂದು ಕೇಳಿದೆ.

"ಸಸ್ಯಶಾಸ್ತ್ರ" ಎಂದು ಪೇಪರು ಹಿಡಿದು ಕೂತರು.

ಚಿತ್ರ ಬರೆದು ಹೇಳಿದಾಗ ಆಗದ ಕೆಲಸ ಒಂದೇ ಮಾತಿಗೆ ಆಯಿತು. ಎಲ್ಲರೂ ಕಾಲುವೆಗೇ ನೀರು ಹಾಕತೊಡಗಿದರು. ಪದ್ಧತಿ ಪಕ್ಕದ ಓಣಿಗೂ ಹಬ್ಬಿತು. ಒಮ್ಮೆ ಅಪ್ಪ ಬಕೆಟ್ಟು ಹಿಡಿದು ಎಡಕ್ಕೆ ಸುತ್ತುತ್ತ ನೀರು ಹಾಕುವಾಗ, ಬಡಾವಣೆಗೆ ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು ಅವರನ್ನು ತಡೆದು, ಬಲಕ್ಕೆ ಸುತ್ತಬೇಕು, ಶಾಸ್ತ್ರ ತಪ್ಪಿಸಬಾರದು ಎಂದು ಬುದ್ಧಿ ಹೇಳಿದಳು. ಅಪ್ಪ ಬಲಕ್ಕೆ ತಿರುಗಿದರು.

ಮತ್ತೊಂದು ಬೇಸಿಗೆಯಲ್ಲಿ ಎದುರು ಮನೆಯ ಬೋರು ಬತ್ತಿತು. ಶನಿವಾರ ಆ ಅಕ್ಕ ಮೊದಲ ಸಲ ನಮ್ಮ ಗೇಟಿನ ಒಳಗೆ ಬಂದರು. ಕೈಯಲ್ಲಿ ಖಾಲಿ ತಂಬಿಗೆ.

"ಅಕ್ಕಾರ, ಗಿಡಕ್ಕ ಒಂದ ತಂಬಿಗಿ ನೀರ ಸಿಗ್ತಾವೇನ್ರಿ?"

ಅವ್ವ ಕುಡಿಯುವ ನೀರಿನ ಕೊಡದಿಂದಲೇ ತುಂಬಿಕೊಟ್ಟಳು. ಆಕೆ ಹೋಗಿ, ಹನಿ ಚೆಲ್ಲದಂತೆ ಕಾಲುವೆಗೆ ಎರೆದು, ಕಣ್ಣು ಮುಚ್ಚಿ ಕೈ ಮುಗಿದರು. ಬಿಸಿಲು ಏರಿತ್ತು. ಅವ್ವ, ಒಳಗೆ ಬಂದು ಒಂದು ಗುಟುಕು ನೀರಾದರೂ ಕುಡಿದು ಹೋಗಿ ಎಂದಳು. ಬೇಡ, ಗಿಡಕ್ಕೆ ಕೊಟ್ಟಿರಲ್ಲ, ಅದೇ ಸಾಕು ಎಂದು ಆಕೆ ಸೆರಗಿನಿಂದ ಬೆವರು ಒರೆಸಿಕೊಂಡು ಹೋದರು.

ಅವ್ವ ಕೊಡದ ಮೇಲೆ ತಾಟು ಮುಚ್ಚಿದಳು. "ನಮ್ಮ ನೀರ ಆಕಿ ದೇವ್ರಿಗಿ ನಡೀತಾವ" ಎಂದಳು. "ಆಕಿಗಿ ನಡೆಯಂಗಿಲ್ಲ."



ಕಳೆದ ವರ್ಷ ರಸ್ತೆ ಬದಿಗೆ ಚರಂಡಿ ಮಂಜೂರಾಗಿ, ಗಿಡದ ಬೊಡ್ಡೆಗೆ ಕೆಂಪು ಬಣ್ಣದ ಗುರುತು ಬಿತ್ತು. ಅಪ್ಪನಿಗೆ ಊಟ ಸೇರಲಿಲ್ಲ. ನೆರಳು, ಹಕ್ಕಿ, ಅಂತರ್ಜಲ ಎಂದು ಮಾತು ಜೋಡಿಸಿಕೊಂಡರು. ಕಡಿಯುವವರು ಬಂದ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಗೆ ಹೋದರು. ಅಷ್ಟರಲ್ಲಿ ದಾರ, ಕುಂಕುಮ ನೋಡಿ ಕೆಲಸದವರೇ ಕೊಡಲಿ ಕೆಳಗಿಟ್ಟಿದ್ದರು. ಎದುರು ಮನೆಯ ಅಕ್ಕ ಗಿಡಕ್ಕೆ ಬೆನ್ನು ಹಚ್ಚಿ ನಿಂತು, "ದೇವರ ಗಿಡ ಅದ. ಯಾರು ಕೈ ಹಚ್ತೀರಿ ಹಚ್ರಿ, ನೋಡ್ತೇನಿ" ಎಂದರು. ಜೊತೆಗೆ ಬಂದಿದ್ದ ಇಂಜಿನಿಯರು ತುಸು ಹೊತ್ತು ಫೋನಿನಲ್ಲಿ ಮಾತಾಡಿ, ಚರಂಡಿಯ ಅಳತೆಗೆ ಕಟ್ಟಿದ್ದ ಹಗ್ಗವನ್ನು ಸರಿಸಿ ಕಟ್ಟಿಸಿದರು. ಚರಂಡಿ ಗಿಡವನ್ನು ಬಳಸಿಕೊಂಡು ಬಾಗಿತು.

ಅಪ್ಪ ಜೋಡಿಸಿಟ್ಟಿದ್ದ ಮಾತನ್ನೆಲ್ಲ ಮಧ್ಯಾಹ್ನ ಊಟಕ್ಕೆ ಕೂತಾಗ ನಮಗೆ ಹೇಳಿದರು. ಇಷ್ಟು ಚಲೋ ಮಾತು ಅಲ್ಲಿ ಯಾಕೆ ಹೇಳಲಿಲ್ಲ ಎಂದು ಅವ್ವ ಕೇಳಿದಳು.

"ಯಾರ ಕೇಳಿದ್ರು?" ಎಂದು ಅಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಈಗ ಅರಳಿಗೆ ನಮ್ಮ ನೀರಿನ ಗರಜೇ ಇಲ್ಲ. ಮಳೆ ಶುರುವಾದ ಮೇಲೆ ಅಪ್ಪ ಜಿಡಗಾ ದಾರಿಯ ಹೊಲವೊಂದರಿಂದ ಹುಣಸೆ ಸಸಿ ತಂದು ಹಿತ್ತಲಿನ ಮೂಲೆಗೆ ಹಚ್ಚಿದರು. ಅದರಲ್ಲಿ ದೆವ್ವ ಸೇರುತ್ತವಂತೆ, ಯಾರೂ ಹತ್ತಿರ ಬರುವುದಿಲ್ಲ ಎಂದು ಅವ್ವ ನೆನಪಿಸಿದಳು.

"ಅದಕ್ಕಂತನೇ ತಂದೇನಿ" ಎಂದು ಅಪ್ಪ ಬಕೆಟ್ಟು ಬಗ್ಗಿಸಿದರು.