ಅರ್ಧಕ್ಕೆ ಎದ್ದು ಬಂದ ಸಿನೆಮಾಗಳು

ನಿನ್ನೆ ನಮ್ಮೂರು ಸನವಳ್ಳಿಯಲ್ಲಿ ಚಿಗವ್ವನ ಪಕ್ಕ ಕೂತು ಫೋನಿನಲ್ಲಿ ಒಂದು ಕಪ್ಪು-ಬಿಳುಪು ಸಿನೆಮಾ ಹಚ್ಚಿದೆ. ಅವಳು ಗೋವಿನಜೋಳದ ತೆನೆ ಬಿಡಿಸುತ್ತಿದ್ದಳು. ಆ ಒಣ ವಾಸನೆಗೆ ಮುಂಡಗೋಡದ ಹಳೆಯ ಟಾಕೀಸು ನೆನಪಾಯಿತು. ಹುರಿದ ಗೋವಿನಜೋಳ ಚಿಗವ್ವನ ಸೆರಗಿನಲ್ಲಿ ಕಟ್ಟಿಕೊಂಡೇ ನಾವು ಅಲ್ಲಿಗೆ ಹೋಗುತ್ತಿದ್ದುದು.

ಕಾಕಾ-ಚಿಗವ್ವನ ಮದುವೆಯಾದ ಹೊಸತು. ಇಬ್ಬರೇ ಹೋದರೆ ಮಂದಿ ಆಡಿಕೊಳ್ಳುತ್ತಾರೆಂದು ನನ್ನನ್ನೂ ಮ್ಯಾಟಿನಿಗೆ ಕರೆದೊಯ್ಯುತ್ತಿದ್ದರು. ಚಿಗವ್ವನಿಗೆ ಸೇರುತ್ತಿದ್ದುದು ಒಂದೇ ನಮೂನೆಯ ಸಿನೆಮಾ: ಹೊಸ ಗಂಡ-ಹೆಂಡತಿ, ಬಾಡಿಗೆ ಖೋಲಿ, ಒಂದೇ ತಾಟಿನಲ್ಲಿ ಗಂಜಿ, ಕೆಲಸ ಕಳೆದುಕೊಂಡ ಗಂಡ. ಆದರೆ ಒಂದರ ಕೊನೆಯನ್ನೂ ನಾವು ನೋಡಲಿಲ್ಲ. ನಮ್ಮೂರಿನ ಕಡೇ ಬಸ್ಸು ಸಿನೆಮಾ ಮುಗಿಯುವ ಮೊದಲೇ ಬಿಡುತ್ತಿತ್ತು, ದರಿದ್ರದ್ದು.

"ಏಳ್ರಿ, ಬಸ್ ತಪ್ಪತೈತಿ" ಎಂದು ಕಾಕಾ ಎಬ್ಬಿಸಿದರೆ ಚಿಗವ್ವ ಪರದೆ ನೋಡುತ್ತಲೇ ಹಿಂದಕ್ಕೆ ನಡೆಯುತ್ತಿದ್ದಳು. ಬಸ್ಸಿನಲ್ಲಿ ಕೂತ ಕೂಡಲೇ ಕೇಳುವಳು: "ಮುಂದ ಏನಾಗತೈತ್ರಿ?"

"ಅವಗ ನೌಕರಿ ಸಿಗತೈತಿ. ಇಬ್ಬರೂ ಸುಖದಿಂದ ಇರ್ತಾರ." ಪ್ರತಿ ಸಲ ಅದನ್ನೇ, ಕಣ್ಣಾರೆ ಕಂಡವನ ಹಾಗೆ ಕಾಕಾ ಹೇಳುತ್ತಿದ್ದ.

ಮುಂದೆ ಕಾಕಾ ದುಡಿಯುತ್ತಿದ್ದ ಕಟ್ಟಿಗೆ ಮಿಲ್ಲು ಮುಚ್ಚಿತು. "ಎರಡು ತಿಂಗಳಿಗೆ ಬರ್ತೇನಿ" ಎಂದು ಗೋವಾಕ್ಕೆ ಹೋದವನು ಜ್ವರ ಬಂದು ಅಲ್ಲೇ ತೀರಿಕೊಂಡ. ಚಿಗವ್ವ ಮತ್ತೆ ಟಾಕೀಸಿನ ಕಡೆ ಹೋಗಲಿಲ್ಲ.

ನಿನ್ನೆ ನಾನು ಹಚ್ಚಿದ್ದು ನಾವು ಅರ್ಧಕ್ಕೆ ಬಿಟ್ಟು ಬಂದಿದ್ದ ಸಿನೆಮಾಗಳಲ್ಲೊಂದು. ಗಂಡ ಕೆಲಸ ಹುಡುಕುತ್ತ ಊರು ಬಿಡುವ ಹೊತ್ತಿಗೆ ಚಿಗವ್ವ ತೆನೆ ಕೆಳಗಿಟ್ಟು ಎದ್ದಳು.

"ಇನ್ನೂ ಐತಿ, ಕುಂದ್ರ ಚಿಗವ್ವ. ಈಗ ಯಾವ ಬಸ್ ಹಿಡಿಯೂದೈತಿ?" ಎಂದೆ.

"ನೀ ನೋಡು" ಎಂದಳು. "ಮುಂದಿಂದು ನನಗ ನಿಮ್ಮ ಕಾಕಾ ಹೇಳ್ಯಾರ."