ಬಲದ ದಿಕ್ಕು

ಅವರ ಎಡಗೈಯ ಹೊರ ಅಂಚು, ಕಿರುಬೆರಳ ತುದಿಯಿಂದ ಮಣಿಕಟ್ಟಿನವರೆಗೆ, ಸದಾ ಬೆಳ್ಳಗಿರುತ್ತಿತ್ತು. ನಮ್ಮ ಫಿಸಿಕ್ಸ್ ಮೇಡಂ ಬರೆಯುತ್ತಿದ್ದುದು ಎಡಗೈಯಲ್ಲಿ. ಬೋರ್ಡಿನ ಮೇಲೆ ಬರೆಯುತ್ತಾ ಹೋದಂತೆ, ಆಗಷ್ಟೇ ಬರೆದದ್ದನ್ನು ಅದೇ ಕೈ ಹಿಂದಿನಿಂದ ಒರೆಸಿಕೊಂಡು ಬರುತ್ತಿತ್ತು. ಸಮೀಕರಣದ ಅರ್ಧ ಬೋರ್ಡಿನ ಮೇಲೆ, ಇನ್ನರ್ಧ ಅವರ ಕೈಮೇಲೆ. ಆ ಕೈಯಿಂದಲೇ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರಿಂದ, ಮಧ್ಯಾಹ್ನದ ಹೊತ್ತಿಗೆ ಹಣೆಯ ಮೇಲಿರುವುದು ವಿಭೂತಿಯೋ ಚಾಕ್‌ಪೀಸಿನ ಪುಡಿಯೋ ಹೇಳುವುದು ಕಷ್ಟವಾಗುತ್ತಿತ್ತು.

ನಂಜನಗೂಡಿನಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದ ಮನೆತನ ಅವರದು. ಅಲ್ಲಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ನರಸೀಪುರದ ನಮ್ಮ ಪಿಯು ಕಾಲೇಜಿಗೆ ಬರುತ್ತಿದ್ದರು. ಚಿಕ್ಕವರಿದ್ದಾಗ ಎಡಗೈಯಲ್ಲಿ ಬಳಪ ಹಿಡಿದರೆ ಅವರ ತಾತ ಬೆರಳ ಗೆಣ್ಣಿನ ಮೇಲೆ ಬಾರಿಸುತ್ತಿದ್ದರಂತೆ. ಆದರೆ ಪೂಜೆಗೆ ಕೂತಾಗ ಇಷ್ಟಲಿಂಗವನ್ನು ಇಟ್ಟುಕೊಳ್ಳುವುದು ಎಡ ಅಂಗೈಯಲ್ಲೇ. "ಲಿಂಗ ಇಟ್ಕೊಳ್ಳೋಕೆ ಈ ಕೈ ಆಗುತ್ತೆ, ಅ ಆ ಇ ಈ ಬರೆಯೋಕೆ ಆಗಲ್ವಾ ತಾತ?" ಎಂದು ಒಂದು ದಿನ ಕೇಳಿಬಿಟ್ಟರಂತೆ. ಅವತ್ತಿನಿಂದ ತಾತ ಹೊಡೆಯುವುದನ್ನು ನಿಲ್ಲಿಸಿದರಂತೆ. ಈ ಕತೆಯನ್ನು ಮೇಡಂ ನಗುತ್ತಲೇ ಹೇಳುತ್ತಿದ್ದರು, ಹೇಳುವಾಗ ಗೆಣ್ಣುಗಳನ್ನು ಸವರಿಕೊಳ್ಳುತ್ತಿದ್ದರು.

ನಾನು ಹೆಮ್ಮಿಗೆಯವಳು. ಗೋಡೆಯ ಮೇಲೆ ಬುದ್ಧನ ಪಟವಿದ್ದ ಮನೆ, ನಾಟಿ ಕೂಲಿಗೆ ಹೋಗುವ ಅಮ್ಮ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಪಿಯುಸಿಗೆ ಸೈನ್ಸ್ ತೆಗೆದುಕೊಂಡು, ಈಜು ಬಾರದೆ ಇಂಗ್ಲಿಷಿಗೆ ಬಿದ್ದವರಲ್ಲಿ ನಾನೂ ಒಬ್ಬಳು. ಪಕ್ಕದಲ್ಲಿ ಕೂರುತ್ತಿದ್ದ ತಲಕಾಡಿನ ಗೆಳತಿಯದೂ ಅದೇ ಪಾಡು. ನಮ್ಮಿಬ್ಬರಿಗೂ ಒಂದೇ ಬಸ್ಸು, ಒಂದೇ ಬೆಂಚು. ಅವಳಿಗೆ ನರ್ಸಿಂಗ್ ಓದಬೇಕೆಂಬ ಆಸೆ.

ಬೇರೆ ಮೇಷ್ಟ್ರುಗಳು ಸರಿ ಉತ್ತರ ಹೇಳಿದವರ ಮುಖ ನೋಡಿಕೊಂಡು ಪಾಠ ಮುಂದಕ್ಕೆ ಓಡಿಸುತ್ತಿದ್ದರು. ಮೇಡಂ ಮಾತ್ರ "ತಪ್ಪು ಬರೆದೋರು ಮೊದಲು ಮಾತಾಡ್ರಪ್ಪ" ಎನ್ನುತ್ತಿದ್ದರು. ಯಾಕೆ ಹಾಗೆ ಬರೆದೆ, ಬರೆಯುವಾಗ ಕಣ್ಮುಂದೆ ಏನು ಬಂತು ಎಂದು ಕೆದಕಿ ಕೆದಕಿ ಕೇಳುತ್ತಿದ್ದರು. ನಾವು ನಾಚಿಕೊಂಡು ತಲೆ ತಗ್ಗಿಸಿದರೆ, "ಅದು ತಪ್ಪಲ್ಲ ಕಣೇ, ಸುದ್ದಿ. ನಿನ್ನ ತಲೆ ಒಳಗಿಂದ ಬಂದಿರೋ ಸುದ್ದಿ. ಹೇಳು, ನಂಗೂ ಗೊತ್ತಾಗ್ಲಿ" ಎನ್ನುತ್ತಿದ್ದರು. ಅಷ್ಟು ಕೇಳಿಸಿಕೊಳ್ಳುವ ತಾಳ್ಮೆ ಇದ್ದ ಇನ್ನೊಬ್ಬರನ್ನು ನಾನು ಆಮೇಲೆ ಯೂನಿವರ್ಸಿಟಿಯಲ್ಲೂ ನೋಡಲಿಲ್ಲ.

ಮೊದಲ ವರ್ಷದಲ್ಲೇ ದೊಡ್ಡ ಊರಿನ ಯಾವುದೋ ಸಂಸ್ಥೆಯಿಂದ ಒಬ್ಬ ಸಂಶೋಧಕರು ಬಂದರು. ಬೇರೆ ಬೇರೆ ಹಿನ್ನೆಲೆಯ ಮಕ್ಕಳು ಮೊದಮೊದಲ ಫಿಸಿಕ್ಸನ್ನು ಹೇಗೆ ಕಲಿಯುತ್ತಾರೆ ಎಂಬುದು ಅವರ ವಿಷಯ. ಮೃದು ಮಾತಿನ ಮನುಷ್ಯ, ಎಲ್ಲರಿಗೂ ಬಿಸ್ಕೆಟ್ ಹಂಚಿದರು. ಇಂಗ್ಲಿಷ್ ಮೀಡಿಯಂನಿಂದ ಬಂದವರನ್ನು ಒಂದು ಕೋಣೆಯಲ್ಲಿ, ನಮ್ಮನ್ನು ಇನ್ನೊಂದರಲ್ಲಿ ಕೂರಿಸಿದರು. ನಮಗೆ ಅನ್ಯಾಯವಾಗಬಾರದೆಂದು ಪ್ರಶ್ನೆಪತ್ರಿಕೆಯನ್ನು ಕನ್ನಡಕ್ಕೆ ಅನುವಾದ ಮಾಡಿಸಿಯೂ ತಂದಿದ್ದರು. ಮೊದಲ ಹಾಳೆಯಲ್ಲಿ ನಮ್ಮ ಜಾತಿ ಯಾವುದು, ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ, ಮನೆಯಲ್ಲಿ ಓದಲು ಮೇಜು ಇದೆಯೇ ಎಂದೆಲ್ಲ ಕೇಳಿದ್ದರು. ಎರಡನೇ ಹಾಳೆಯಲ್ಲಿ ಒಂದು ಗಾಡಿಯ ಚಿತ್ರ, ಅದರ ಕೆಳಗೆ ಹೀಗಿತ್ತು: "ಗಾಡಿಯು ಎಡದ ದಿಕ್ಕಿಗೆ ಚಲಿಸುತ್ತಿದ್ದು, ಅದರ ವೇಗ ಹೆಚ್ಚುತ್ತಿದೆ. ಬಲದ ದಿಕ್ಕನ್ನು ಬಾಣದಿಂದ ತೋರಿಸಿ."

ಇಷ್ಟು ಸುಲಭದ ಪ್ರಶ್ನೆಯನ್ನು ಕಾಲೇಜಿನವರಿಗೆ ಯಾಕೆ ಕೊಟ್ಟರು ಎಂದುಕೊಳ್ಳುತ್ತಾ ನಾನು ಬಲಗಡೆಗೆ ಬಾಣ ಎಳೆದೆ. ಗೆಳತಿಯೂ ಎಳೆದಳು. ಕೋಣೆಗೆ ಕೋಣೆಯೇ ಎಳೆದಿತ್ತು. ಮುಂದಿನ ಪ್ರಶ್ನೆಗಳೆಲ್ಲ ಆ ಬಾಣವನ್ನೇ ನೆಚ್ಚಿದ್ದವು, ಹಾಗಾಗಿ ಅವೂ ಹಳ್ಳ ಹಿಡಿದವು.

ಕೆಲವು ವಾರಗಳಲ್ಲಿ ನಮ್ಮ ಉತ್ತರಪತ್ರಿಕೆಗಳ ಜೊತೆಗೆ ಪ್ರಿನ್ಸಿಪಾಲರ ಟೇಬಲ್ಲಿಗೆ ವರದಿ ಬಂತು. ಕನ್ನಡ ಮಾಧ್ಯಮದ ಹಳ್ಳಿ ಮಕ್ಕಳಲ್ಲಿ ಬಲದ ಕಲ್ಪನೆಯೇ ತಿರುಗುಮುರುಗಾಗಿದೆ, ಇದು ಮನೆಯ ಹಿನ್ನೆಲೆಯಿಂದ ಬಂದ ಕೊರತೆ ಎಂದು ಅದರಲ್ಲಿ ಬರೆದಿತ್ತು. ಕಾಲೇಜಿನ ರಿಸಲ್ಟು ಕುಸಿಯುತ್ತಿದೆ ಎಂದು ಒದ್ದಾಡುತ್ತಿದ್ದ ಪ್ರಿನ್ಸಿಪಾಲರಿಗೆ ಅಷ್ಟು ಸಾಕಾಯಿತು. ನಮ್ಮನ್ನೆಲ್ಲ ಆರ್ಟ್ಸಿಗೆ ದಾಟಿಸಲು ಒಬ್ಬೊಬ್ಬರ ಮನೆಯವರನ್ನೂ ಕರೆಸತೊಡಗಿದರು.

ಅಮ್ಮ ಕೂಲಿ ಬಿಟ್ಟು ಬಂದಳು. ಸೀರೆಯಂಚಿನಲ್ಲಿ ಗದ್ದೆಯ ಕೆಸರು ಒಣಗಿತ್ತು.

"ನೋಡಮ್ಮ, ನಿನ್ನ ಮಗಳಿಗೆ ಸೈನ್ಸ್ ಹತ್ತಲ್ಲ. ನಾನು ಹೇಳ್ತಿರೋದಲ್ಲ, ರಿಸರ್ಚಲ್ಲೇ ಬಂದಿದೆ. ಆರ್ಟ್ಸಿಗೆ ಹಾಕ್ಸು, ಪಾಸಾದ್ರೂ ಆಗ್ತಾಳೆ."

"ಅದ್ಯಾರ್ ಸಾ ಅಂಗ್ ಯೋಳುದ್ದು? ನನ್ ಮಗ್ಳು ಅತ್ನೇ ಕ್ಲಾಸ್ನಲ್ಲಿ ಇಸ್ಕೂಲ್ಗೇ ಪಸ್ಟು ಸಾ. ಆ ಮೇಡಮ್ಮಾರ್ನ ಒಂದ್ ಮಾತ್ ಕೇಳ್ಕಂಡು ಆಮೇಕೆ ಸೈನ್ ಆಕ್ತೀನಿ" ಎಂದು ಅಮ್ಮ ಎದ್ದು ಬಂದಳು. ಗೆಳತಿಯ ಅಪ್ಪ, ದೊಡ್ಡವರು ಹೇಳಿದ ಮೇಲೆ ಇನ್ನೇನು ಎಂದು, ಅವತ್ತೇ ಸಹಿ ಹಾಕಿದರು. ಆರ್ಟ್ಸ್ ಕೀಳು ಎಂದು ನಾನು ಹೇಳುತ್ತಿಲ್ಲ. ಅದು ಅವಳು ಕೇಳಿದ್ದಲ್ಲ, ಅಷ್ಟೆ.

ಮಾರನೇ ದಿನ ಮೇಡಂ ಪ್ರಿನ್ಸಿಪಾಲರಿಂದ ನನ್ನ ಉತ್ತರಪತ್ರಿಕೆ ಇಸಿದುಕೊಂಡು ನನ್ನನ್ನು ಲ್ಯಾಬಿಗೆ ಕರೆದರು. "ಈ ಬಾಣ ಯಾಕೆ ಈ ಕಡೆ ಹಾಕ್ದೆ?"

ನನಗೆ ಅಳು ಬಂತು. "ಬಲದ ದಿಕ್ಕು ತೋರ್ಸಿ ಅಂತ ಇತ್ತಲ್ಲ ಮೇಡಂ. ಬಲ ಅಂದ್ರೆ ಈ ಕಡೆ ತಾನೆ?" ಎಂದು ಅನ್ನ ಉಣ್ಣುವ ಕೈ ಎತ್ತಿ ತೋರಿಸಿದೆ.

ಅವರಿಗೂ ತಕ್ಷಣ ತಿಳಿಯಲಿಲ್ಲ. ಪ್ರಶ್ನೆಯನ್ನು ಒಮ್ಮೆ ಮನಸ್ಸಿನಲ್ಲಿ, ಇನ್ನೊಮ್ಮೆ ಜೋರಾಗಿ ಓದಿಕೊಂಡರು. ಎಡ ಎಂಬ ಮಾತಿನ ಬೆನ್ನಿಗೇ ಬಲ ಬಂದು ಕೂತಿತ್ತು. "ಅಯ್ಯೋ ಶಿವನೇ! ಅವರು ಕೇಳಿದ್ದು ಫೋರ್ಸ್ ಕಣೇ, ಫೋರ್ಸು!"

"ಫೋರ್ಸಾ? ಹಾಗಾದ್ರೆ ಎಡಕ್ಕೇ ಅಲ್ವಾ ಮೇಡಂ? ವೇಗ ಹೆಚ್ಚಾಗ್ತಿದೆಯಲ್ಲ."

ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಅಷ್ಟು ಸಿಟ್ಟನ್ನು ಅವರ ಮುಖದಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. "ನಿನ್ನ ಜಾತಿ ಕೇಳೋಕೆ ಜಾಗ ಇತ್ತು. ನಿಮ್ಮಮ್ಮನ ಕೂಲಿ ಕೇಳೋಕೆ ಜಾಗ ಇತ್ತು. ಯಾಕಮ್ಮ ಹೀಗೆ ಬರೆದೆ ಅಂತ ಕೇಳೋಕೆ ಒಂದು ಗೆರೆ ಜಾಗ ಇರಲಿಲ್ವಾ ಇವರಿಗೆ?"

ಆ ಮಾತು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಮನೆಯ ಮೇಜಿನವರೆಗೆ ಬಂದ ಸಂಶೋಧನೆಗೆ ನಮ್ಮ ಬಾಯಿಯವರೆಗೆ ಬರಲು ಪುರುಸೊತ್ತಿರಲಿಲ್ಲ.

ಮೇಡಂ ಪ್ರಿನ್ಸಿಪಾಲರ ಹತ್ತಿರ ಹೋದರು. ಸಂಶೋಧನೆ ಮಾಡಿದವರಿಗಿಂತ ನಿಮಗೆ ಹೆಚ್ಚು ಗೊತ್ತೇ ಎಂದು ಅವರು ವಾಪಸ್ ಕಳಿಸಿದರು. ಆ ವಾರವೇ ನಂಜನಗೂಡಿನಲ್ಲಿ ಫಿಸಿಕ್ಸ್ ಉಪನ್ಯಾಸಕರ ಕಾರ್ಯಾಗಾರವಿತ್ತು, ಅದೇ ಸಂಶೋಧಕರು ಅಲ್ಲಿ ಮಾತಾಡುವವರಿದ್ದರು. ಪ್ರಿನ್ಸಿಪಾಲರೂ ಮುಂದಿನ ಸಾಲಿನಲ್ಲಿದ್ದರು. ಮೇಡಂ ನನ್ನನ್ನೂ ಕರೆದುಕೊಂಡು ಹೋಗಿ ಹಿಂದುಗಡೆ ಕೂರಿಸಿದರು. ಭಾಷಣ ಶುರುವಾಗುವ ಮೊದಲೇ ಎದ್ದು ನಿಂತರು.

"ಸರ್, ಒಂದು ಚಿಕ್ಕ ಪ್ರಶ್ನೆ. ಎಲ್ಲರೂ ಕಣ್ಣು ಮುಚ್ಚಿ. ನಾನು ಓದಿ ಮುಗಿಸಿದ ಕೂಡಲೇ ಕೈಯಲ್ಲಿ ತೋರಿಸಿ."

ಪತ್ರಿಕೆಯಲ್ಲಿದ್ದುದನ್ನು ಒಂದಕ್ಷರ ಬದಲಿಸದೆ ಓದಿದರು. ಎಂ.ಎಸ್ಸಿ. ಮಾಡಿದವರ ಸಭೆ ಅದು. ಇಬ್ಬರೋ ಮೂವರೋ ತಡವರಿಸಿದ್ದು ಬಿಟ್ಟರೆ, ಎಲ್ಲರ ಕೈಯೂ ಬಲಕ್ಕೆ ಚಾಚಿತು. ನಮ್ಮ ಪ್ರಿನ್ಸಿಪಾಲರ ಕೈಯೂ.

"ಈಗ ಕಣ್ಣು ಬಿಡಿ. ಇದರಲ್ಲಿ ಬಲ ಅಂದ್ರೆ ಫೋರ್ಸು. ನಾಳೆ ಎಲ್ಲರೂ ಹೋಗಿ ಆರ್ಟ್ಸಿಗೆ ಅರ್ಜಿ ಹಾಕೋಣ."

ಸಭೆಯೆಲ್ಲ ನಕ್ಕಿತು, ಮೇಡಂ ನಗಲಿಲ್ಲ. ಸಂಶೋಧಕರ ಮುಖ ಕೆಂಪಾಯಿತು. ಅದು ಅನುವಾದದ ಸಣ್ಣ ದೋಷ, ವರದಿಗೆ ಒಂದು ಅಡಿಟಿಪ್ಪಣಿ ಸೇರಿಸುತ್ತೇವೆ ಎಂದರು. ಸಣ್ಣ ದೋಷವಂತೆ! ಮೇಡಂ ಇನ್ನೂ ನಿಂತೇ ಇದ್ದರು. "ಅಡಿಟಿಪ್ಪಣಿ ಹಾಕಿದ್ರೆ ನನ್ನ ತಲಕಾಡಿನ ಹುಡುಗಿ ಕ್ಲಾಸಿಗೆ ವಾಪಸ್ ಬರ್ತಾಳಾ ಸರ್?"

ಬರಲಿಲ್ಲ. ಹೆಸರುಗಳು ಮೇಲಕ್ಕೆ ಹೋಗಿಯಾಗಿದೆ, ಇನ್ನು ತಿದ್ದಲು ಬರುವುದಿಲ್ಲ ಎಂದರು ಪ್ರಿನ್ಸಿಪಾಲರು. ಮೇಡಂ ಎಷ್ಟು ಓಡಾಡಿದರೂ ಆಗಲಿಲ್ಲ. ಅಮ್ಮ ಸಹಿ ಹಾಕದೆ ಎದ್ದು ಬಂದಿದ್ದರಿಂದ ನಾನು ಉಳಿದುಕೊಂಡೆ. ಅದೇ ಬಸ್ಸಿನಲ್ಲಿ ಬಂದು, ಕಾಲೇಜಿನ ಗೇಟು ದಾಟಿದ ಮೇಲೆ ಗೆಳತಿಯೂ ನಾನೂ ಬೇರೆ ಬೇರೆ ಕಡೆ ನಡೆಯುತ್ತಿದ್ದೆವು.

ನಾನೀಗ ನಂಜನಗೂಡಿನಲ್ಲಿ ಫಿಸಿಕ್ಸ್ ಅತಿಥಿ ಉಪನ್ಯಾಸಕಿ. ಗೆಳತಿ ತಾಂಡವಪುರದ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ನಿವೃತ್ತರಾದ ಮೇಲೂ ಮೇಡಂ ಸಿಕ್ಕಾಗಲೆಲ್ಲ ಮೊದಲು ಕೇಳುತ್ತಿದ್ದುದು "ಅವಳು ಹೇಗಿದ್ದಾಳೆ?" ಎಂದು. ನನ್ನ ವಿಚಾರ ಆಮೇಲೆ.

ಹೋದ ವರ್ಷ ಅವರು ತೀರಿಕೊಂಡಾಗ ನಾವಿಬ್ಬರೂ ಒಟ್ಟಿಗೆ ಹೋದೆವು. ಹೂವಿನ ನಡುವೆ ಕೂರಿಸಿದ್ದರು. ಎಡ ಅಂಗೈಯಲ್ಲಿ ಲಿಂಗ, ಕೈತುಂಬ ವಿಭೂತಿ ಬಳಿದಿದ್ದರು. ಗೆಳತಿ ನನ್ನ ತೋಳು ಹಿಡಿದುಕೊಂಡಳು. "ನೋಡಮ್ಮಿ, ಕೈ ಇನ್ನೂ ಬೆಳ್ಳಗೇ ಅದೆ" ಎಂದಳು. ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಜೋರಾಗಿ ಅತ್ತುಬಿಟ್ಟೆ.

ಮೊನ್ನೆ ನಮಗೊಂದು ತರಬೇತಿ ಇತ್ತು. ಚುರುಕಾದ ಯುವಕರೊಬ್ಬರು ಪರದೆಯ ಮೇಲೆ ಒಂದೊಂದೇ ಅಂಶ ತೋರಿಸುತ್ತಾ ಹೋದರು. ನಾಲ್ಕಾರು ಆದ ಮೇಲೆ ಬಂತು: ಗ್ರಾಮೀಣ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಲ್ಲಿ ಬಲದ ಕಲ್ಪನೆ ತಿರುಗುಮುರುಗಾಗಿರುವುದು ಸಂಶೋಧನೆಯಿಂದ ತಿಳಿದುಬಂದಿದೆ. ಅಡಿಟಿಪ್ಪಣಿ ಎಲ್ಲಿ ಬಿದ್ದುಹೋಯಿತೋ, ಮಾತು ಮಾತ್ರ ಇಷ್ಟು ವರ್ಷ ಗಟ್ಟಿಯಾಗಿ ಬದುಕಿತ್ತು. ಸುತ್ತಲೂ ಎಲ್ಲರೂ ಅದನ್ನು ಬರೆದುಕೊಳ್ಳುತ್ತಿದ್ದರು.

ನಾನು ಎದ್ದು ನಿಂತೆ.

"ಸರ್, ಒಂದು ಚಿಕ್ಕ ಪ್ರಶ್ನೆ. ಎಲ್ಲರೂ ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿ."